ಸಮುದ್ರಕ್ಕೊಂದು ಮುಡಿಪು

ಹಸಿರು, ಒಂದು ಚುಕ್ಕೆ ಹಸಿರು, ಬಂಡೆಯ ಹಿಂದೆ, ಮರಳಿನಲ್ಲಿ ಅರ್ಧ ಹೂತು — ಇಲ್ಲ, ಕಣ್ಣಿನ ಪೊರೆಯೇ ಇರಬೇಕು, ಎಡಗಣ್ಣಿಗೆ ಈಗೀಗ ಏನೇನೋ ಕಾಣುತ್ತದೆ, ಮೊನ್ನೆ ಬಾಗಿಲ ಬಳಿ ಬೆಕ್ಕು ಕೂತಿದೆ ಅಂತ ಬಟ್ಟಲಲ್ಲಿ ಹಾಲಿಟ್ಟೆ, ನೋಡಿದರೆ ಮಗ ಮಧುವಿನ ಹೆಲ್ಮೆಟ್ಟು — ಆದರೆ ಇದು ತಲೆ ಓರೆ ಮಾಡಿದರೂ ಅಲ್ಲೇ ಇದೆ, ಮೀನಿನ ತೊಟ್ಟಿಗೆ ಹೊದಿಸಿದ ಟವೆಲನ್ನು ಇನ್ನೊಂದಿಷ್ಟು ಸರಿಸಲಾ, ಬೇಡ, ಬೆಳಕು ಬಿದ್ದರೆ ಕಿಟ್ಟು ಬೆದರುತ್ತಾನೆ, ಸೊಸೆ ಹೇಳಿಯೇ ಕಾಲೇಜಿಗೆ ಹೋಗಿದ್ದಾಳೆ, ಅತ್ತೆ, ಅವನಿಗೆ ಕತ್ತಲೆಯೇ ಔಷಧಿ, ಮನೆ ಬದಲಾಯಿಸಿದ ಗಾಬರಿ ಇಳಿಯೋವರೆಗೂ ದೀಪ ಹಾಕಬೇಡಿ, ಗಾಜು ತಟ್ಟಬೇಡಿ, ಊಟಕ್ಕೆ ಬಲವಂತ ಮಾಡಬೇಡಿ. ಬಲವಂತ ಮಾಡಬೇಡಿ ಅಂದಾಗ ನಗು ಬಂತು, ಬಲವಂತ ಮಾಡದೆ ನಾನು ಯಾರಿಗೆ ತಾನೇ ಬಡಿಸಿದ್ದೇನೆ. ಕಿಟ್ಟು ಮೂಲೆಯಲ್ಲೇ ಇದ್ದಾನೆ, ಮರಳಿಗೆ ಹೊಟ್ಟೆ ಹಚ್ಚಿ, ಒಂದು ಪಕ್ಕಕ್ಕೆ ವಾಲಿ, ಬಾಯಿ ತೆರೆಯುತ್ತಾನೆ ಮುಚ್ಚುತ್ತಾನೆ, ತೆರೆಯುತ್ತಾನೆ ಮುಚ್ಚುತ್ತಾನೆ, ಏನೋ ಹೇಳಹೊರಟು ಬೇಡವೆಂದು ನುಂಗಿಕೊಂಡ ಹಾಗೆ. ಹೆಬ್ಬೆರಳಿನಷ್ಟು ಮೀನು, ಕಿತ್ತಳೆ ಬಣ್ಣ, ಮೈಮೇಲೆ ಮೂರು ಬಿಳಿ ಪಟ್ಟೆ; ನಾಮ ಹಾಕಿಕೊಂಡಿದ್ದಾನಮ್ಮ, ನಮ್ಮ ಕಡೆಯವನೇ, ಅಂತ ಮಗ ನಗಿಸಲು ನೋಡಿದ, ಅವರಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಸಮುದ್ರದ ಮೀನು, ಗುತ್ತಲಿನ ನಮ್ಮ ನಡುಮನೆಯಲ್ಲಿ, ಒಂದು ಮೊಟ್ಟೆಯೂ ಹೊಸ್ತಿಲು ದಾಟದ ಮನೆಯಲ್ಲಿ, ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಒಂದು ಪೆಟ್ಟಿಗೆ ಉಪ್ಪುನೀರು.

ಮಳವಳ್ಳಿಯ ಬಾಡಿಗೆ ಮನೆ ಬಿಟ್ಟು ಬರುವಾಗ ಮಧುಕರ ಕಾರು ಓಡಿಸಿದ, ಸೊಸೆ ದೀಪಿಕ ಹಿಂದಿನ ಸೀಟಿನಲ್ಲಿ ಮುಚ್ಚಳದ ಬಕೆಟ್ಟನ್ನು ಎರಡು ಮೊಣಕಾಲಿನ ನಡುವೆ ಹಿಡಿದು ಕೂತಿದ್ದಳಂತೆ, ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ, ಅವಳೇ ಇಳಿದುಹೋಗಿ ಅಣ್ಣ ಸ್ವಲ್ಪ ಸೈಡು ಕೊಡಿ, ಮೀನಿದೆ ಅಂದಳಂತೆ, ಅವನು, ಸಾರ್ಗಾ ಕಣಮ್ಮ? ಅಲ್ಲಣ್ಣ, ಸಾಕಿರೋದು, ಮನೆ ಬದಲಾಯಿಸ್ತಿದ್ದೀವಿ. ಅವನು ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತು, ಸಾಕಿರೋದಾ, ಓಗವ್ವ ಓಗು, ಉಸಾರು, ಅಂದು ಅಷ್ಟುದ್ದದ ಗಾಡಿಯನ್ನು ಗದ್ದೆಯಂಚಿಗೆ ಇಳಿಸಿಬಿಟ್ಟನಂತೆ. ಅವನು ಯಾವೂರಿನವನೋ, ಅವನ ಹೊಟ್ಟೆ ತಣ್ಣಗಿರಲಿ. ಪಕ್ಕದ ಮನೆ ಪಟ್ಟಲಮ್ಮ, ನಮಗೂ ಅವಳಿಗೂ ಗೋಡೆ ಒಂದೇ, ಮಿಕ್ಸಿಯನ್ನು ಆಚೆ ಕೋಣೆಗೆ ಒಯ್ದಿದ್ದಾಳೆ, ಸದ್ದಿಗೆ ಬೆದರ್ತದೆ ಬುಡಿ ಅಂತ, ದಿನಾ ಕಾಂಪೌಂಡಿನಾಚೆಯಿಂದ ಕೇಳುತ್ತಾಳೆ, ಏನ್ ಶ್ರೀಮತಮ್ಮ, ನಿಮ್ಮ ಮೀನು ಗಂಜಿ ಕುಡೀತಾ. ಇವರು ಕೂಡ — ನನ್ನ ಯಜಮಾನರು, ಊರಿಗೆ ಚಲುವನಾರಾಯಣ ಮೇಷ್ಟ್ರು, ಸಂಸ್ಕೃತದ ಮೇಷ್ಟ್ರು — ಪೂಜೆಯ ಗಂಟೆಯನ್ನು ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಅಲ್ಲಾಡಿಸುತ್ತಿದ್ದಾರೆ, ಟಕ್ ಟಕ್ ಅಂತ ಕಿವುಡು ಸದ್ದು, ಮಣಿಕಟ್ಟು ನೋವೇನೋ ಅಂದುಕೊಂಡಿದ್ದೆ, ಕೇಳಲಿಲ್ಲ, ಕೇಳಿದರೆ ಮತ್ತೆ ಜೋರಾಗಿ ಹೊಡೆಯುವ ಮನುಷ್ಯ. ಮಧು ಯಲಿಯೂರಿನ ಒಕ್ಕಲಿಗರ ಹುಡುಗಿಯನ್ನು ಮದುವೆಯಾಗುತ್ತೇನೆ ಅಂದಾಗ ಬೈಯಲಿಲ್ಲ, ಬೇಡ ಅನ್ನಲಿಲ್ಲ, ಆದರೆ ಅವಳೊಂದಿಗೆ ನೇರವಾಗಿ ಮಾತೇ ಆಡಿಲ್ಲ, ಅವಳು ಎದುರಿಗೇ ಕೂತಿದ್ದರೂ ನನಗೆ ಹೇಳುತ್ತಾರೆ, ಅವಳಿಗೆ ಕಾಫಿ ಬೇಕಾ ಕೇಳು. ಬಾಡಿಗೆ ಮನೆಯವರು ಮಗಳಿಗೆ ಬೇಕು, ಬಿಡಿ ಅಂದಾಗ ಇಲ್ಲಿಗೇ ಬನ್ನಿ ಅಂತ ಕರೆದವಳು ನಾನು. ಇವರು, ಬರಲಿ, ಅಂದರು. ಅಷ್ಟೇ.

ಅವಳು ತಂದದ್ದು ಎರಡು ಪೆಟ್ಟಿಗೆ ಬಟ್ಟೆ, ಪಾಠದ ಪುಸ್ತಕ, ಈ ಗಾಜಿನ ತೊಟ್ಟಿ. ದಿನಾ ಬೆಳಗ್ಗೆ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡುತ್ತಾಳೆ, ಎಲ್ಲ ಸರಿಯಿದೆ ಅತ್ತೆ, ಉಪ್ಪು ಸರಿ, ಬಿಸಿ ಸರಿ, ಮೊದಲ ಎರಡು ದಿನ ಚೆನ್ನಾಗೇ ಇದ್ದ, ಆಮೇಲೆ ಯಾಕೆ ಹೀಗೆ. ಗಾಜಿಗೆ ಅಂಟಿಕೊಂಡಿದ್ದ ಬಸವನಹುಳುಗಳೂ ಒಂದೊಂದಾಗಿ ಉದುರಿ ಬಿದ್ದಿವೆ. ನಿನ್ನೆ ಹಿತ್ತಲಲ್ಲಿ ತಾಯಿಗೆ ಫೋನು ಮಾಡುತ್ತಿದ್ದಳು, ನಾನು ಕೇಳಬೇಕೆಂದು ಕೇಳಲಿಲ್ಲ, ಒಣಗಿದ ಬಟ್ಟೆ ತೆಗೆಯಲು ಹೋಗಿದ್ದೆ — ಈ ಮನೇಲಿ ಇದೇ ಬದುಕಲಿಲ್ಲ ಅಂದ್ರೆ ನಾನ್ ಎಂಗವ್ವ ಇರ್ಲಿ, ಕಾಲೇಜ್ ಅತ್ರ ಮದ್ದೂರಲ್ಲೇ ಮನೆ ನೋಡು ಅಂತ ಮಧುಗೆ ಯೋಳಿದ್ದೀನಿ. ಸೀರೆ ಕೈಯಲ್ಲಿ ಹಿಡಿದು ಹಾಗೇ ವಾಪಸ್ಸು ಬಂದೆ. ಮೀನು ಹೋದರೆ ಇವಳೂ ಹೋಗುತ್ತಾಳೆ, ಜಗಳವಾಡಿ ಅಲ್ಲ, ನಗುನಗುತ್ತಾ, ಕಾಲಿಗೆ ಬಿದ್ದು, ಪೆಟ್ಟಿಗೆ ಹಿಡಿದು. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ.

ಆ ಹಸಿರು ಮಾತ್ರ ಹೋಗಿಲ್ಲ. ಬಸವನಹುಳುವಿನ ಮುಚ್ಚಳವೇ, ಇಷ್ಟು ಗುಂಡಗಿರುವುದಿಲ್ಲ, ಬಾಟಲಿಯ ಬಿರಡೆಯೇ, ಇವರು ಪಂಚಾಂಗ ನೋಡುವ ಭೂತಗನ್ನಡಿ ತಂದು ಗಾಜಿಗೆ ಹಿಡಿದೆ, ಮೊದಲು ಕಿಟ್ಟುವಿನ ಕಣ್ಣು ತಟ್ಟೆಯಷ್ಟಾಗಿ ಬಂತು, ಕಪ್ಪು, ಸುತ್ತ ಬಂಗಾರದ ಉಂಗುರ, ನನ್ನ ಕಣ್ಣೂ ಅವನಿಗೆ ಹಾಗೇ ಕಂಡಿರಬೇಕು, ಪಾಪ — ಆಮೇಲೆ ಬಂಡೆ, ಆಮೇಲೆ ಮರಳು, ಆಮೇಲೆ ಒಂದು ಅಂಚು, ಹಸಿರು ಕಿಲುಬು, ಕಿಲುಬಿನ ನಡುವೆ ಒಂದು ಸೊಂಡಿಲು. ಆನೆ. ಸಮುದ್ರದಲ್ಲಿ ಆನೆ ಎಲ್ಲಿಂದ ಬಂತು ಅಂತ ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ, ಆಮೇಲೆ ಹೊಳೆಯಿತು, ಇದು ನಮ್ಮತ್ತೆಯ ಕಾಸು, ಆನೆಯ ಗುರುತಿನ ಹಳೆಯ ತಾಮ್ರದ ಕಾಸು. ರಾಮೇಶ್ವರಕ್ಕೆ ಹೋಗಬೇಕು, ಸಮುದ್ರಸ್ನಾನ ಮಾಡಬೇಕು, ಅಂತ ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟಿದ್ದರು, ಹೋಗಲೇ ಇಲ್ಲ, ಕಡೆಗಾಲದಲ್ಲಿ ಇವರ ಕೈಗೆ ಕೊಟ್ಟು, ನೀನು ಸಮುದ್ರ ಕಂಡ ದಿನ ಹಾಕಿಬಿಡೋ, ಅಂದರು. ಇವರೂ ಕಾಣಲಿಲ್ಲ. ಒಮ್ಮೆ ಟಿಕೆಟ್ಟಾಗಿತ್ತು, ಮಧುವಿಗೆ ಟೈಫಾಯ್ಡು, ಮತ್ತೊಮ್ಮೆ ಪರೀಕ್ಷೆಯ ಕೆಲಸ, ಆಮೇಲೆ ಮಂಡಿನೋವು. ರೈಲು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಎಲ್ಲರೂ ಕಾವೇರಿಗೆ ಕಾಸು ಎಸೆದರೆ ಇವರೂ ಎಸೆಯುತ್ತಿದ್ದರು, ಆದರೆ ಆ ಕಾಸನ್ನಲ್ಲ, ಅದು ಸಮುದ್ರದ್ದು ಅನ್ನುತ್ತಿದ್ದರು. ಎದ್ದುಹೋಗಿ ದೇವರ ಪೆಟ್ಟಿಗೆ ತೆಗೆದು ನೋಡಿದೆ. ಅರಿಸಿನದ ಬಟ್ಟೆ ನಾಲ್ಕು ಮಡಿಕೆಯಾಗಿ ಇದೆ, ಗಂಟಿಲ್ಲ.

ತಾಮ್ರ, ಉಪ್ಪುನೀರಿನಲ್ಲಿ. ಕಲಾಯಿ ಹೋದ ಪಾತ್ರೆಯಲ್ಲಿ ಉಪ್ಪು ಹುಳಿ ನಿಲ್ಲಿಸಬಾರದು ಅನ್ನುವುದು ನನಗೆ ಹೊಸತಲ್ಲ, ಕಿಲುಬು ಬಿಟ್ಟುಕೊಳ್ಳುತ್ತದೆ, ಉಂಡವರು ಬದುಕಬೇಕಲ್ಲ. ದೀಪಿಕ ಬಂದ ದಿನವೇ ಹೇಳಿದ್ದಳು, ನಾನು ಚೊಂಬು ಹಿಡಿದು ನೆರವಿಗೆ ಹೋದಾಗ, ಅಯ್ಯೋ ಅತ್ತೆ, ತಾಮ್ರ ಮಾತ್ರ ಬೇಡ, ಸಮುದ್ರದ ಜೀವಕ್ಕೆ ಅದು ವಿಷ, ಮೊದಲು ಬಸವನಹುಳು ಹೋಗ್ತವೆ ಅಂತ. ಇವರು ಆಗ ಸ್ನಾನಕ್ಕೆ ಹೋಗಿದ್ದರು. ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡಿಲ್ಲ ಅಂತ ನನಗೆ ಗೊತ್ತು, ಅವಳಿಗೆ ಹೇಗೆ ಗೊತ್ತಾಗಬೇಕು? ಮಾತೇ ಆಡದ ಮಾವ, ತೊಟ್ಟಿಯಲ್ಲಿ ತಾಮ್ರ, ಅವಳು ಏನಂತ ತಿಳಿಯುತ್ತಾಳೆ, ಬೇರೆ ಯಾರಾದರೂ ಏನಂತ ತಿಳಿದಾರು. ಸುಮ್ಮನೆ ತೆಗೆದು ಪೆಟ್ಟಿಗೆಗೆ ಹಾಕಿಬಿಟ್ಟರೆ? ಕಾಸು ಬರುತ್ತದೆ, ಬಿಟ್ಟ ಕಿಲುಬು ನೀರಿನಲ್ಲೇ ಇರುತ್ತದೆ, ಆ ನೀರನ್ನು ಬದಲಾಯಿಸುವುದು ಅವಳಿಗೆ ಮಾತ್ರ ಗೊತ್ತು, ಯಾಕೆ ಅಂತ ಹೇಳದೆ ಬದಲಾಯಿಸು ಅನ್ನುವುದು ಹೇಗೆ. ಯೋಚನೆ ಆಮೇಲೆ, ಮೊದಲು ಕೈ. ಬಳೆ ಬಿಚ್ಚಿಟ್ಟು ಮೊಣಕೈವರೆಗೂ ಇಳಿಸಿದೆ, ಬೆಚ್ಚಗಿದೆ, ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗೆ, ಬಂಡೆ ನುಣುಪಲ್ಲ, ಸಾವಿರ ತೂತು, ಕಿಟ್ಟು ಓಡಲಿಲ್ಲ, ಓಡಲು ತ್ರಾಣವಿಲ್ಲ, ಬೆರಳಿಗೆ ಏನೋ ತಗುಲಿತು, ಮೀನು ಹೀಗಿರುತ್ತದೆಯೇ, ನೀರಿಗಿಂತ ಸ್ವಲ್ಪ ಗಟ್ಟಿ ಅಷ್ಟೇ — ಕಾಸು ಸಿಕ್ಕಿತು. ಕೈ ಒರೆಸಿಕೊಳ್ಳುವ ಮುಂಚೆ ಬೆರಳು ತುಟಿಗೆ ಹೋಗಿತ್ತು, ಯಾಕೋ, ತಿಳಿಯಬೇಕೆನಿಸಿತು. ಅಬ್ಬ, ಇಷ್ಟೊಂದು ಉಪ್ಪೇ.

ಇವರು ಊಟದ ಮೇಲೆ ಅಡ್ಡಾಗಿದ್ದವರು ಎದ್ದು ಕೂತಿದ್ದರು. ಸ್ಟೀಲಿನ ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ. ನೋಡಿದರು. ಯಾಕೆ ತೆಗೆದೆ, ಕೊಟ್ಟದ್ದನ್ನು ತೆಗೀಬಾರದು. ತಾಮ್ರ ಅಂದ್ರೆ ಅದಕ್ಕೆ ವಿಷವಂತೆ, ಅಂದೆ. ತಟ್ಟೆಯನ್ನು ನನ್ನ ಕೈಯಿಂದ ಇಸಿದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ವಿಷವಾ, ನಾನು ಅದು ಈ ಮನೆಯಲ್ಲಿ ಉಳೀಲಿ ಅಂತ ಹಾಕಿದ್ದು. ಅದು ಅಂದರೆ ಮೀನೋ, ಅವಳೋ, ನಾನು ಕೇಳಲಿಲ್ಲ. ಒಂದು ಬೆಳಗ್ಗೆ ಎಲ್ಲರೂ ಮಲಗಿದ್ದಾಗ ಸ್ನಾನ ಮುಗಿಸಿ, ಮಡಿಯಲ್ಲಿ ಬಂದು, ಕೈಮುಗಿದು ಹಾಕಿದರಂತೆ. ನಾನೇ ಬೀಳಿಸಿದೆ ಅಂತ ಹೇಳಿಬಿಡ್ತೀನಿ, ಅಂದೆ, ದೇವರ ಪೆಟ್ಟಿಗೆ ಒರೆಸುವಾಗ ಉರುಳಿ ಬಿತ್ತು ಅಂತೀನಿ, ನನ್ನ ಕಣ್ಣಿನ ವಿಷಯ ಅವಳಿಗೆ ಗೊತ್ತು. ಬೇಡ, ಅಂದರು. ಅವಳು ನಿಮ್ಮನ್ನು ತಪ್ಪು ತಿಳಿದರೆ? ತಿಳಿಯಲಿ, ನಂಬರ್ ಒತ್ತಿ ಕೊಡು. ನಾಲ್ಕು ಸಲ ಗಂಟೆಯಾಯಿತು, ಪಾಠದಲ್ಲಿರುತ್ತಾಳೆ ಅಂದುಕೊಳ್ಳುವಷ್ಟರಲ್ಲಿ ಎತ್ತಿದಳು, ಇವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತರಗತಿಯ ಹಿಂದಿನ ಬೆಂಚಿಗೂ ಕೇಳುವಂತೆ, ದೀಪಿಕ, ನಾನಮ್ಮ, ಮಾವ, ಅಂದರು. ಆಚೆಯಿಂದ ಅವಳು, ಅತ್ತೆಗೆ ಏನಾಯ್ತು ಮಾವ? ಪಾಪ, ಈ ಮನುಷ್ಯ ಫೋನು ಮಾಡಬೇಕಾದರೆ ನಾನು ಸತ್ತೇ ಹೋಗಿರಬೇಕು ಅಂದುಕೊಂಡಳು. ಅತ್ತೆಗೆ ಏನೂ ಆಗಿಲ್ಲ, ಆಗಿರೋದು ನನ್ನಿಂದ, ಅಂತ ಶುರುಮಾಡಿ ಮುಡಿಪು, ರಾಮೇಶ್ವರ, ಟೈಫಾಯ್ಡು, ಎಲ್ಲ ಹೇಳಿದರು, ಒಂದನ್ನೂ ಬಿಡಲಿಲ್ಲ.

ಅವಳು ಅರ್ಧ ದಿನ ರಜೆ ಹಾಕಿ ಬಸ್ಸಿನಲ್ಲಿ ಬಂದಳು, ಅಷ್ಟರಲ್ಲಿ ಅವಳು ಫೋನಿನಲ್ಲಿ ಹೇಳಿದ ಹಾಗೆ ಇವರು ಬೀರುವಿನಿಂದ ಕಿಲುಬು ಹೀರುವ ಇದ್ದಿಲಿನ ಚೀಲ ತೆಗೆದು, ಮೂರು ಸಲ ತೊಳೆದು, ನೀರು ಸೋಸುವ ಡಬ್ಬಿಯಲ್ಲಿ ಇಟ್ಟಿದ್ದರು, ಧೋತ್ರವೆಲ್ಲ ಮಸಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಇವರು ನಿಂತೇ ಇದ್ದರು, ಗೊತ್ತಿರಲಿಲ್ಲಮ್ಮ, ಅಂದರು. ಅವಳು ಮಸಿಯ ಧೋತ್ರ ನೋಡಿದಳು, ಕಾಸು ನೋಡಿದಳು, ಬುಡಿ ಮಾವ, ಅಂದಳು. ಎರಡು ವರ್ಷದಿಂದ ನಮ್ಮೆದುರು ಎಚ್ಚರಿಕೆಯಿಂದ ಬಿಡಿ, ಹೇಳಿ, ಹೋಗಿ ಅನ್ನುತ್ತಿದ್ದ ಹುಡುಗಿ, ಬುಡಿ ಮಾವ ಅಂದುಬಿಟ್ಟಳು, ಅಂದದ್ದು ಅವಳಿಗೂ ಗೊತ್ತಾಗಲಿಲ್ಲ, ಆಗಲೇ ಕೊಳವೆ ಹಾಕಿ ನೀರು ಎಳೆಯುತ್ತಿದ್ದಳು. ಹೊಸ ಉಪ್ಪುನೀರನ್ನು ಇವರೇ ಸುರಿದರು, ಜಗ್ಗಿನ ಮೂತಿಯಿಂದ ಸಣ್ಣ ಎಳೆ, ಅಭಿಷೇಕಕ್ಕೆ ಹಾಲು ಬಿಡುವ ಹಾಗೆ, ಕಡಿಯದ ಎಳೆ. ಇಷ್ಟು ನಿಧಾನ ನನಗೂ ಬರಲ್ಲ ಮಾವ, ಅಂದಳು. ಆಮೇಲೆ ತಲೆಯೆತ್ತದೆ ಕೇಳಿದಳು, ನೀವು ಸಮುದ್ರ ನೋಡೇ ಇಲ್ವಾ? ಇದನ್ನೇ ನೋಡಿದ್ದು, ಅಂದರು ಇವರು.

ಅದಾಗಿ ಒಂದು ವಾರವಾಗುತ್ತಾ ಬಂತು, ದಿನಾ ಸಂಜೆ ಒಂದಿಷ್ಟು ನೀರು ತೆಗೆಯುವುದು ಅವಳು, ಸುರಿಯುವುದು ಇವರು, ಕಾಫಿಯ ವಿಷಯ ಈಗಲೂ ನನ್ನ ಮೂಲಕವೇ, ಮೀನಿನ ವಿಷಯ ಮಾತ್ರ ನೇರ. ಬಸವನಹುಳುಗಳಲ್ಲಿ ಒಂದೇ ಉಳಿದದ್ದು. ಕಿಟ್ಟು ನೆಟ್ಟಗಾಗಿದ್ದಾನೆ, ವಾಲುವುದಿಲ್ಲ, ಆದರೆ ತಿಂದಿಲ್ಲ, ಇವತ್ತೂ ತಿನ್ನದಿದ್ದರೆ ಕಷ್ಟ ಅತ್ತೆ ಅಂತ ಬೆಳಗ್ಗೆ ಹೇಳಿ ಮುಖ ತಿರುಗಿಸಿಕೊಂಡಳು. ಈಗ ದೀಪ ಹಚ್ಚುವ ಹೊತ್ತು, ದೇವರ ಮುಂದೆ ಹಚ್ಚಿದ್ದೇನೆ, ಇಲ್ಲಿ ಹಚ್ಚಿಲ್ಲ, ಮೂವರೂ ನೆಲದ ಮೇಲೆ ಕೂತಿದ್ದೇವೆ, ಇವರ ಮಂಡಿ ಲಟಕ್ ಅಂತು, ಅವಳು ಶ್ ಅಂದಳು, ಮಾವನಿಗೆ ಶ್ ಅಂದಳು, ಇವರು ಉಸಿರು ಹಿಡಿದರು. ಕೊಳವೆಯ ತುದಿಯಿಂದ ಒಂದು ತುಣುಕು ಬಿಟ್ಟಳು, ಸಾಸಿವೆಯಷ್ಟು, ಸೀಗಡಿಯದಂತೆ, ಇರಲಿ, ಅವರವರ ಊಟ ಅವರವರಿಗೆ, ತುಣುಕು ತೇಲುತ್ತದೆ, ಬಂಡೆಗೆ ತಾಗಿತು, ಬಿಡಿಸಿಕೊಂಡಿತು, ಬರುತ್ತಿದೆ, ತಗೋ ಕಂದ, ಬಲವಂತವಿಲ್ಲ, ಬಾಯಿ ತೆರೆಯುತ್ತಾನೆ ಮುಚ್ಚುತ್ತಾನೆ, ತೆರೆಯುತ್ತಾನೆ — ಒಳಗೆ ಹೋಯಿತು — ಉಗುಳಿದ — ಅಯ್ಯೋ ಉಗುಳಿದ, ಅವಳ ಕೈ ನನ್ನ ಸೆರಗು ಹಿಡಿದಿದೆ, ತುಣುಕು ಬಾಯಿಯ ಮುಂದೆಯೇ ತಿರುಗುತ್ತಿದೆ, ಒಂದು ಕೂದಲೆಳೆ ದೂರ, ತೆರೆದ — ತುಣುಕು ಇಲ್ಲ — ಮುಚ್ಚಿದ, ಬಾಯಿ ಮುಚ್ಚಿದೆ, ತೆರೆಯಲಿಲ್ಲ, ಉಗುಳಲಿಲ್ಲ, ಇನ್ನೂ ಮುಚ್ಚಿಯೇ ಇದೆ