ಕುಬಸದ ಬುತ್ತಿ

ಬಸುರಿ ಸೊಸೆಯ ಹೊಟ್ಟೆಯಲ್ಲಿ ಒಂದು ತುತ್ತು ನಿಂತರೆ ಸಾಕು ಎಂದು ನಾಗವ್ವ ಹರಕೆ ಹೊರದ ದೇವರು ಉಳಿದಿರಲಿಲ್ಲ. ಮರಾಠಿ ನಾಡಿನ ಕಾತ್ರಜದ ಆ ಎರಡು ಕೋಣೆಯ ಮನೆಯಲ್ಲಿ ಐದು ತಿಂಗಳಿಂದ ಒಗ್ಗರಣೆ ಹಾಕಿರಲಿಲ್ಲ. ಸಾಸಿವೆ ಸಿಡಿದರೆ ಸಾಕು, ಶಿವಕಾಂತಾ ಬಚ್ಚಲಿಗೆ ಓಡುತ್ತಿದ್ದಳು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಮದುವೆಯಲ್ಲಿ ತೊಡಿಸಿದ ಬಳೆಗಳು ಕೈ ಇಳಿಬಿಟ್ಟರೆ ಜಾರಿ ನೆಲಕ್ಕೆ ಬೀಳುತ್ತಿದ್ದವು.

ನಾಗವ್ವನ ಧೈರ್ಯ ಮಾತ್ರ ಕುಂದಿರಲಿಲ್ಲ. "ಬಸವಲಿಂಗ ಹೊಟ್ಟ್ಯಾಗಿದ್ದಾಗ ನಾನೂ ಹಿಂಗ ವಾಂತಿ ಮಾಡ್ಕೋತಿದ್ದೆ. ಮಗ ಗುಂಡಕಲ್ಲಿದ್ದಂಗ ಹುಟ್ಟಿದ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ತನ್ನ ವಾಂತಿ ಎರಡೇ ತಿಂಗಳಿಗೆ ನಿಂತಿತ್ತೆಂಬುದನ್ನು ಜಾಣತನದಿಂದ ಮರೆತಿದ್ದಳು.

ಏಳನೆಯ ತಿಂಗಳಲ್ಲಿ ಡಾಕ್ಟರ್ ದೀಪಾಲಿ ಸೋನೋಗ್ರಾಫಿ ನೋಡಿ ಮೂವರನ್ನೂ ಎದುರು ಕೂರಿಸಿಕೊಂಡರು. ಆಮೇಲೆ, ತಾಯಿ ಹದಿಮೂರು ಕಿಲೋ ಇಳಿದಿದ್ದಾಳೆ, ಕೂಸು ಬೆಳೆಯುತ್ತಿಲ್ಲ, ಇವತ್ತೇ ಅಡ್ಮಿಟ್ ಮಾಡಿ, ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಡಬೇಕು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು.

ಹೊರಗೆ ಬಂದದ್ದೇ ನಾಗವ್ವ ಮಗನ ತೋಳು ಹಿಡಿದಳು. "ಬರೂ ಶುಕ್ರವಾರ ಕುಬಸ ಅದ. ಅಥಣಿಯಿಂದ ಬೀಗರು ಬುತ್ತಿ ಕಟ್ಕೊಂಡ ಬರ್ತಾರ. ಮೂಗಿನ್ಯಾಗ ನಳಿಗಿ ಇದ್ದಾಕಿಗೆ ಯಾರರ ಉಡಿ ತುಂಬ್ತಾರೇನು?"

"ನಾ ಇವತ್ತ ಇಲ್ಲೇ ಉಳೀತೀನ್ರಿ ಅತ್ತಿ," ಎಂದಳು ಶಿವಕಾಂತಾ, ಕೇಳಿಸೀತೋ ಇಲ್ಲವೋ ಎಂಬಂಥ ದನಿಯಲ್ಲಿ.

"ಎಂಟ ದಿನ, ನನ್ನವ್ವ. ತವರಮನಿ ತುತ್ತು ಒಂದ ಬಾಯಾಗ ಬಿದ್ರ ಎಲ್ಲಾ ಸರಿ ಹೋಗ್ತದ."

ತಳೇಗಾಂವದ ಫ್ಯಾಕ್ಟರಿಯಲ್ಲಿ ಮ್ಯಾನೇಜರನಿಗೇ ಎದುರು ಮಾತಾಡುವ ಬಸವಲಿಂಗ ಅವ್ವನ ಮಾತಿಗೆ ತಲೆಬಾಗಿ ಮನೆಗೆ ಹೋಗಲು ರಿಕ್ಷಾ ಕರೆದ.

ಶುಕ್ರವಾರ ಸೀಮಂತಕ್ಕೆ ಮನೆ ತುಂಬಿತು. ಬಳೆಗಾರ್ತಿಯ ಬಳಿ ಇದ್ದ ಅತಿ ಸಣ್ಣ ಹಸಿರು ಬಳೆಗಳೂ ದೊಡ್ಡವಾಗಿ, ದಾರ ಸುತ್ತಿ ನಿಲ್ಲಿಸಬೇಕಾಯಿತು. ಬುತ್ತಿ ಬಿಚ್ಚಿದರು: ಹೋಳಿಗೆ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ. ಐವರು ಮುತ್ತೈದೆಯರು ಒಂದೊಂದು ತುತ್ತು ಬಾಯಿಗಿಟ್ಟರು. ಕುಬಸದ ತುತ್ತು ಬೇಡವೆನ್ನಬಾರದು. ಶಿವಕಾಂತಾ ಕಣ್ಣು ಮುಚ್ಚಿ ಐದನ್ನೂ ನುಂಗಿದಳು, ನಾಗವ್ವ ಸಂತೋಷಕ್ಕೆ ಅತ್ತೇಬಿಟ್ಟಳು. ಆರತಿಯ ಹಾಡು ಮುಗಿಯುವ ಮೊದಲೇ ಹುಡುಗಿ ಹೊಸ ಸೀರೆಯ ಮೇಲೆ ಎಲ್ಲವನ್ನೂ ಕಾರಿಕೊಂಡಳು. ಕೊನೆಗೆ ಬಂದದ್ದು ರಕ್ತ.

ಮರುದಿನ ಬೆಳಿಗ್ಗೆ ನೋವು ಶುರುವಾಗಿ ಆಸ್ಪತ್ರೆಗೆ ಒಯ್ದರು. ಹೆಣ್ಣು ಕೂಸು, ಎಂಟುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಒಂದು ದಿನ ಇತ್ತು, ಎರಡನೆಯ ದಿನ ಮಧ್ಯಾಹ್ನ ಹೋಯಿತು.

ಅವತ್ತೇ ಸೊಸೆಯನ್ನು ಇಲ್ಲಿ ಬಿಟ್ಟು ಹೋಗಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ನಾಗವ್ವ ಕೇಳಿದಳು. ಹೇಳಲಾಗುವುದಿಲ್ಲ ಎಂದರು ದೀಪಾಲಿ. ಬೈದಿದ್ದರೆ ಚೆನ್ನಾಗಿತ್ತು.

ಬಸವಲಿಂಗ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಣ್ಣಿಗೆ ಒಯ್ದ. ವಾರ್ಡಿನಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಶಿವಕಾಂತಾ ಮೆಲ್ಲಗೆ, ನಾಚಿಕೊಂಡವಳ ಹಾಗೆ ಅಂದಳು:

"ಅತ್ತಿ, ಭಾಳ ಹಸಿವ್ಯಾಗೇದರಿ."

ಹೆರಿಗೆಯಾದ ಕೂಡಲೇ ಈ ವಾಂತಿಯ ಬೇನೆ ಬಿಟ್ಟುಹೋಗುತ್ತದೆ ಎಂದು ನರ್ಸ್ ಮೊದಲೇ ಹೇಳಿದ್ದಳು. ಕೈಗೆ ಸಿಕ್ಕದ್ದು ಆಸ್ಪತ್ರೆಗೆ ಹೊರಡುವಾಗ ಕಟ್ಟಿಕೊಂಡು ತಂದಿದ್ದ ಕುಬಸದ ಬುತ್ತಿಯೊಂದೇ. ನಾಗವ್ವ ಗಂಟು ಬಿಚ್ಚಿದಳು. ಶಿವಕಾಂತಾ ರೊಟ್ಟಿ ಮುರಿದು ಹಿಂಡಿ ಹಚ್ಚಿ ಗಬಗಬ ತಿಂದಳು, ಅಳುತ್ತಲೇ ತಿಂದಳು, ಒಂದು ಚೂರೂ ವಾಪಸು ಬರಲಿಲ್ಲ.

ಇದನ್ನು ನೋಡಲೆಂದೇ ನಾಗವ್ವ ಅಷ್ಟೂ ದೇವರನ್ನು ಬೇಡಿದ್ದಳು. ಈಗ ನೋಡಲಾಗದೆ ಗೋಡೆಗೆ ಮುಖ ಮಾಡಿ ಕುಳಿತಳು.

"ಇನ್ನೊಂದ ರೊಟ್ಟಿ ಅದ ಏನ್ರಿ ಅತ್ತಿ?" ಎಂದಳು ಸೊಸೆ.