ನೀಲವ್ವನ ಕೊಕ್ಕಿನ ವಿಭೂತಿ

ಶಿವ ಯಾರಿಗೆ ಯಾವಾಗ ಒಲಿಯುತ್ತಾನೋ ಹೇಳಲು ಬರುವುದಿಲ್ಲ. ಗಬ್ಬೂರಿನ ಸತ್ಯವ್ವನ ಮನೆಯಲ್ಲಿ ಅವನು ಒಲಿದದ್ದು ಪಂಜರದ ಹಕ್ಕಿಗೆ. ಮುಷ್ಟಿಗಾತ್ರದ ಆ ನೀಲಿ ಲವ್‌ಬರ್ಡಿಗೆ ಅವಳು ನೀಲವ್ವ ಎಂದು ಹೆಸರಿಟ್ಟಿದ್ದಳು. ಅದರ ಕೊಕ್ಕಿನ ಬುಡದಲ್ಲಿ, ಮೂಗಿನ ಮೇಲೆ, ಬೂದಿ ಬಳಿದಂಥ ಬಿಳಿ ಪಟ್ಟಿ ಮೂಡಿತ್ತು. ಮೊದಲು ಕಂಡವಳು ಪಕ್ಕದ ಮನೆಯ ದಾಕ್ಷಾಯಿಣಿ. ಸಕ್ಕರೆ ಕೇಳಲು ಬಂದವಳು ವಾಟಿಯನ್ನು ನೆಲಕ್ಕಿಟ್ಟು ಕೈಮುಗಿದಳು.

"ಯವ್ವಾ! ಸತ್ಯಕ್ಕಾ, ಇದು ವಿಭೂತಿ ಅಲ್ಲೇನ? ನಾವು ದಿನಾ ಹಚ್ಕೊಂಡ್ರೂ ಮಧ್ಯಾಹ್ನದಾಗ ಬೆವರಿಗೆ ಹೋಗ್ತೈತಿ. ಇದಕ್ಕ ತಾನ ಮೂಡೇತಿ ನೋಡು!"

ಅಲ್ಲಿಯ ತನಕ ಅಕ್ಕನ ಬಳಗದ ಭಜನೆಯಲ್ಲಿ ಸತ್ಯವ್ವ ಕೂರುತ್ತಿದ್ದುದು ಚಪ್ಪಲಿ ಬಿಡುವ ಬಾಗಿಲ ಬದಿಗೆ. ಶಿರಗುಪ್ಪಿಯಿಂದ ಬಂದವಳು, ರಾಗ ಬಾರದವಳು. ಯಾರೂ ಮುಂದೆ ಕರೆದಿರಲಿಲ್ಲ. ಈಗ ಭಜನೆಯೇ ಅವಳ ಮನೆಗೆ ಬಂತು. ಮುಂದಿನ ಜಮಖಾನೆ ಅವಳದಾಯಿತು. ಬಂದವರೆಲ್ಲ ಹಕ್ಕಿಗೆಂದು ನವಣೆ ತಂದು ಸುರಿದರು.

ಹಕ್ಕಿ ಕಾಲೆತ್ತಿ ಮುಖ ತುರಿಸಿಕೊಂಡರೆ, "ಶರಣು ಮಾಡಾಕತ್ತೇತಿ" ಎಂದರು. ಕೊಕ್ಕನ್ನು ಕೂರುವ ಕೋಲಿಗೆ ತಿಕ್ಕಿದರೆ, "ದೀಡ ನಮಸ್ಕಾರ" ಎಂದರು. ಸೋಮವಾರ ಅದು ಕಾಳು ಮುಟ್ಟಲಿಲ್ಲ. "ಉಪವಾಸ!" ಎಂದಳು ದಾಕ್ಷಾಯಿಣಿ. ಮಂಗಳವಾರವೂ ಮುಟ್ಟಲಿಲ್ಲ. "ನಮಕ್ಕಿಂತ ಕಡಕ್ ನೇಮದ್ದು ಬಿಡವ್ವ" ಎಂದಳು.

ಸತ್ಯವ್ವನಿಗೂ ಹಾಗೇ ನಂಬುವ ಆಸೆ. ಆದರೆ ಅಂಗೈಯಲ್ಲಿ ಹಿಡಿದಾಗ ಹಕ್ಕಿಯ ಎದೆಯೆಲುಬು ಈಳಿಗೆಯ ಅಲಗಿನಂತೆ ಒತ್ತಿತು. ಕೊಕ್ಕು ಸೊಟ್ಟಗೆ ಬೆಳೆದು ಬಾಯಿ ಕೂಡುತ್ತಿರಲಿಲ್ಲ. ನವಣೆಯ ರಾಶಿಯ ಪಕ್ಕದಲ್ಲೇ ಅದು ಹಸಿವಿನಿಂದ ಸಾಯುತ್ತಿತ್ತು. ಪಂಜರಕ್ಕೆ ಸೆರಗು ಮುಚ್ಚಿಕೊಂಡು ಆಟೋ ಹತ್ತಿದಳು.

ಪಶುವೈದ್ಯೆ ಮುಸರತ ಭೂತಗನ್ನಡಿ ಹಿಡಿದು ನೋಡಿದಳು. "ಹುಳಾ ಆಗ್ಯಾವ್ರಿ ಅವ್ವಾರ. ಬರೇ ಕಣ್ಣಿಗೆ ಕಾಣೂದಿಲ್ಲ. ಚರ್ಮದಾಗ ಸುರಂಗಾ ಕೊರದು ಕುಂತಾವ."

"ಮಂದಿ ವಿಭೂತಿ ಅಂತಾರಲ್ರಿ?"

"ವಿಭೂತಿಗೆ ಎಂಟು ಕಾಲು ಇರ್ತಾವೇನ್ರಿ? ಕುತ್ತಿಗಿ ಹಿಂದ ಒಂದು ಹನಿ ಔಷಧ ಹಾಕ್ತೇನಿ. ಎರಡು ವಾರ ಬಿಟ್ಟು ಮತ್ತೊಮ್ಮೆ. ಪೂರಾ ಉದುರಿ ಹೋಗ್ತೈತಿ."

ಉದುರಿ ಹೋಗುತ್ತದೆ ಎಂಬ ಮಾತಿಗೆ ಸತ್ಯವ್ವ ಪಂಜರವನ್ನು ತನ್ನತ್ತ ಎಳೆದುಕೊಂಡಳು. ಶ್ರಾವಣದ ಕಡೇ ಸೋಮವಾರ ಪೇಟೆಯ ದೇಶಪಾಂಡೆ ನಗರದ ಅಕ್ಕನ ಬಳಗವೆಲ್ಲ ದರ್ಶನಕ್ಕೆ ಬರುವುದಿತ್ತು.

"ಆ ಸೋಮವಾರ ದಾಟಿದ ಮ್ಯಾಲ ಹಾಕಿದ್ರ ನಡೀತೈತೇನ್ರಿ?"

"ನಮಗೇನ್ರಿ, ನಡೀತೈತಿ. ಹಕ್ಕಿ ಅಲ್ಲೀತನಾ ತಡೀಬೇಕಲ್ರಿ."

ನೀಲವ್ವ ಬಾಯಿ ತೆರೆದಳು, ಮುಚ್ಚಲಾಗಲಿಲ್ಲ. ಸತ್ಯವ್ವ ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು. ಬೂದಿ ಬಳಿದುಕೊಂಡವನಿಗೆ ಬೂದಿಯ ಹಂಗೇನು ಎನಿಸಿತು.

"ಹಾಕ್ರಿ," ಎಂದಳು. "ಈಗ ಹಾಕ್ರಿ."

ಮುಸರತ ಹನಿ ಹಾಕಿ, ಬೆಳೆದ ಕೊಕ್ಕನ್ನು ತಿದ್ದಿ, ಪಂಜರವನ್ನು ಕುದಿನೀರಲ್ಲಿ ತೊಳೆಯಲು ಹೇಳಿದಳು. ಒಳಗಿನ ಕಟ್ಟಿಗೆಯ ಕೋಲು, ಹಾಸಿದ ಕಾಗದ ಸುಡಬೇಕು. ಎರಡನೇ ಹನಿಯಾದ ಮೇಲೂ ಹಾಗೇ. ಸತ್ಯವ್ವ ಪೂಜೆಯ ಶ್ರದ್ಧೆಯಿಂದಲೇ ಎಲ್ಲ ಮಾಡಿದಳು. ಕಡೆಯ ಕೋಲನ್ನು ಹಿತ್ತಲ ನೀರೊಲೆಗೆ ಹಾಕಿದ್ದು ಆ ಸೋಮವಾರದ ಬೆಳಿಗ್ಗೆಯೇ.

ಬಳಗ ಬಂತು. ಹಕ್ಕಿಯ ಮೂಗು ತೊಳೆದ ಹಾಗೆ ಸ್ವಚ್ಛ.

"ಸತ್ಯಕ್ಕಾ, ವಿಭೂತಿ ಎಲ್ಲಿ?" ದಾಕ್ಷಾಯಿಣಿ ಚೀರಿದಳು.

ಶಿವನೇ ಹಿಂದಕ್ಕೆ ತೆಗೆದುಕೊಂಡ ಎನ್ನಬಹುದಿತ್ತು. ಜಮಖಾನೆ ಉಳಿಯುತ್ತಿತ್ತು. "ವಿಭೂತಿ ಅಲ್ಲವ್ವ, ಹುಳಾ ಆಗಿದ್ವು," ಎಂದಳು ಸತ್ಯವ್ವ. "ಔಷಧ ಹಾಕ್ಸೇನಿ. ಉದುರೇತಿ."

ದೇಶಪಾಂಡೆ ನಗರದ ಹಿರಿಯಳು ರತ್ನವ್ವ ಕಣ್ಣೊರೆಸಿಕೊಂಡಳು. "ಕೇಳಿದ್ರೇನ? ಮನ್ಯಾಗಿನ ಪವಾಡಕ್ಕ ಹುಳಾ ಅಂತಾಳ! ಇಂಥಾ ನಿರಹಂಕಾರ ನಾ ಎಲ್ಲೂ ನೋಡಿಲ್ಲ. ಉದುರಿದ್ದು ಎಲ್ಲಿ ಇಟ್ಟೀಯವ್ವ?"

"ಇಟ್ಟಿಲ್ರಿ. ಕೋಲು, ಕಾಗದದ ಕೂಡ ನೀರೊಲಿಯಾಗ ಸುಟ್ಟೇನಿ."

"ಅಂದ್ರ ಬೂದಿ ಐತಿ!"

"ಯಕ್ಕಾ, ಅದು ಬರೇ ಒಲಿ ಬೂದಿ..."

ಕೇಳಲು ಯಾರೂ ಉಳಿದಿರಲಿಲ್ಲ. "ನನಗೊಂದ್ ಚಿಟಿಕಿ, ನಮ್ಮ ಸೊಸಿಗೊಂದ್ ಚಿಟಿಕಿ" ಎಂಬ ದನಿಗಳು ಹಿತ್ತಲಿನಿಂದ ಬರುತ್ತಿದ್ದವು.

ಸತ್ಯವ್ವ ಖಾಲಿ ಜಮಖಾನೆಯ ಮೇಲೆ ಕುಳಿತಳು. ಪಂಜರದಲ್ಲಿ ಚಿಟ್ಟೆಂದು ಸದ್ದಾಯಿತು. ನೀಲವ್ವ ಒಂದು ನವಣೆ ಕಾಳು ಒಡೆದು, ತಿರುಳು ನುಂಗಿ, ಸಿಪ್ಪೆಯನ್ನು ಅವಳ ಮಡಿಲಿಗೆ ಉಗುಳಿದಳು.

"ಉಣ್ಣವ್ವ," ಎಂದಳು ಸತ್ಯವ್ವ.