ಬಿಗಿಯಾಗಿ ಸುತ್ತಿದ ತಾಮ್ರದ ತಂತಿ

ಎಲ್ಲಿಂದ ಶುರು ಮಾಡೋದು? ‘ಬೆಸುಗೆ ಕಡ್ಡಿಯಿಂದ ಹೊಗೆ ಏಳುತ್ತಿತ್ತು’ ಅಂತ ಬರೆದೆ. ಹೊಗೆ ಅಂದಮೇಲೆ ನೀವು ಬೆಂಕಿಗೆ ಕಾಯುತ್ತೀರಿ. ಹೊತ್ತಿಸೋ ಉದ್ದೇಶ ನನಗಿಲ್ಲ. ಆ ಸಾಲು ಹೊಡೆದುಹಾಕಿದೆ.

ನೇರವಾಗಿ ಹೇಳಿಬಿಡ್ತೀನಿ. ದರ್ಜಿಯಮ್ಮ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಹೊಲಿಗೆ ಮೇಜಿನ ಮೇಲೆ ಎಫ್‌ಎಂ ರೇಡಿಯೋ ಜೋಡಿಸುತ್ತಿದ್ದಾಳೆ. ಜನ್ಮದಲ್ಲಿ ಮೊದಲ ಸಲ. ನಾಲ್ಕು ಗಂಟೆಗೆ ಅವಳ ಮಗಳು ಊರಿನ ಪುಟ್ಟ ಸ್ಟೇಷನ್ನಿನಲ್ಲಿ ಲೈವ್ ಮಾತಾಡುತ್ತಾಳೆ. ಅದೂ ಮೊದಲ ಸಲ. ಹುಡುಗಿ ಮನೆ ಬಿಟ್ಟದ್ದು ಈ ಅಮ್ಮನ ಒಂದೇ ಮಾತಿಗೆ: “ನಿನ್ನ ಗೊಗ್ಗರು ದನಿ ಯಾರು ಕೇಳ್ತಾರೆ?” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

೧
(ಪಕ್ಕದ ಇಸ್ತ್ರಿ ಅಂಗಡೀಲಿ ರೇಡಿಯೋ ಇದೆಯಲ್ಲ, ಅಲ್ಲಿ ಕೂತು ಕೇಳಬಾರದಾ ಅಂತೀರಿ. ನಾನು ಹಾಗೇ ಬರೆದಿದ್ದೆ. ದರ್ಜಿಯಮ್ಮನೇ ಒಪ್ಪಲಿಲ್ಲ.)

“ಇಸ್ತ್ರಿಯವನ ಬಾಯಿಗೆ ಬಿದ್ರೆ ಊರಿಗೆಲ್ಲ ಡಂಗುರ. ನಾನು ಅಳೋದನ್ನ ಅವನು ನೋಡಬೇಕಾ?”

“ಅಳ್ತೀಯಾ?” ಅಂದೆ.

“ಬರೆಯೋನು ನೀನು. ನನ್ನ ಕೇಳ್ತೀಯಲ್ಲ!”

“ಹೊಸದೊಂದು ಕೊಂಡ್ಕೋಬಹುದಿತ್ತು.”

ಮಗಳು ಅರ್ಧಕ್ಕೆ ಬಿಟ್ಟುಹೋದ, ರೇಡಿಯೋ ಜೋಡಿಸೋ ಕಿಟ್ಟು ಗುಂಡಿ ಡಬ್ಬಿಯ ಹಿಂದೆ ಸಿಕ್ಕಿತ್ತು. ಅದನ್ನೂ ಈ ಅಮ್ಮ ‘ಕಸ’ ಅಂದಿದ್ದಳು.

೨
ಬೋರ್ಡು, ಬ್ಯಾಟರಿ, ಸ್ಪೀಕರು ಎಲ್ಲ ಕೂಡಿತು. ಉಳಿದದ್ದು ಸ್ಟೇಷನ್ ಹಿಡಿಯೋ ಕಾಯಿಲ್ ಒಂದೇ. ತಾಮ್ರದ ತಂತಿಯನ್ನು ಪೆನ್ಸಿಲ್ಲಿಗೆ ಸುತ್ತಬೇಕು. ಸುತ್ತೋದು ಇವಳಿಗೆ ನೀರು ಕುಡಿದಷ್ಟು ಸುಲಭ. ಬಾಬಿನ್‌ಗೆ ದಾರ ಸುತ್ತಿದ ಹಾಗೆ ಒಂದಕ್ಕೊಂದು ಅಂಟಿಸಿ, ಬಿಗಿಯಾಗಿ, ಮುದ್ದಾಗಿ ಸುತ್ತಿ ಕೂರಿಸಿದಳು. ಸ್ವಿಚ್ ಹಾಕಿದಳು.

ಸುಂಯ್ ಅಂತ ಸದ್ದು. ಅಷ್ಟೇ.

ಗೋಡೆ ಗಡಿಯಾರ ನಾಲ್ಕು ದಾಟಿತು. ಅವಳು ಸ್ಪೀಕರಿಗೆ ಕಿವಿ ಹಚ್ಚಿದಳು.

“ಸುತ್ತುಗಳ ನಡುವೆ ಸಂದು ಬಿಡು” ಅಂದೆ. (ಕಿಟ್ಟಿನ ಚೀಟಿಯಲ್ಲಿದ್ದದ್ದೇ. ಅವಳು ಓದಿಲ್ಲ, ಕನ್ನಡಕ ಮರೆತು ಬಂದಳು ಅಂತ ಬರೆದದ್ದು ನಾನೇ. ಪಾಪ ನನ್ನದು.)

“ಸಡಿಲ ಸುತ್ತಿದ್ರೆ ದಾರ ಸಿಕ್ಕಾಗುತ್ತೆ ಕಣಯ್ಯ!”

“ಇದು ದಾರ ಅಲ್ಲಮ್ಮ!”

ಬೈದುಕೊಂಡೇ ಸೂಜಿ ತೂರಿಸಿ ಸುತ್ತುಗಳನ್ನು ಒಂದೊಂದಾಗಿ ಬಿಡಿಸಿದಳು. ಸೂಜಿ ಜಾರಿ ಕೊನೆಯ ಸುತ್ತು ತುಸು ಹೆಚ್ಚೇ ಹಿಗ್ಗಿತು. ಸರಿಮಾಡಲು ಬೆರಳು ಹತ್ತಿರ ತಂದಳು.

“...ನಮಸ್ಕಾರ. ನನ್ನ ದನಿ ಸ್ವಲ್ಪ ಹೀಗೇನೇ...”

ಕೈ ಹಿಂದೆಳೆದಳು: ಸುಂಯ್. ಹತ್ತಿರ ತಂದಳು: ಮಗಳು. ಅವಳ ಅಂಗೈ ಅಷ್ಟು ದೂರದಲ್ಲಿ, ಅಷ್ಟೇ ದೂರದಲ್ಲಿ ಇದ್ದರೆ ಮಾತ್ರ ದನಿ ಉಳಿಯುತ್ತಿತ್ತು; ಹಿಗ್ಗಿದ ಸುತ್ತಿನ ಕೊರತೆಯನ್ನು ಅವಳ ಕೈಯೇ ತುಂಬುತ್ತಿತ್ತು. ಎಡಗೈ ಹಾಗೇ ಹಿಡಿದು ಕಲ್ಲಿನಂತೆ ನಿಂತಳು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

೨, ಮತ್ತೆ
(ಇಲ್ಲಿಗೇ ನಿಲ್ಲಿಸೋಣವಾ? ಚೆನ್ನಾಗಿತ್ತು. ಆದರೆ ಹುಡುಗಿ ಮಾತು ನಿಲ್ಲಿಸುತ್ತಿಲ್ಲ.)

“ಇಷ್ಟೊತ್ತೂ ಒಬ್ಬರೂ ಫೋನ್ ಮಾಡಿಲ್ಲ. ಯಾರಾದ್ರೂ ಕೇಳ್ತಿದ್ದೀರಾ?” ನಂಬರ್ ಹೇಳಿದಳು. ನಕ್ಕಳು. ಆ ನಗು ಸರಿಯಿರಲಿಲ್ಲ. ಹೆತ್ತವಳಿಗೆ ಗೊತ್ತಾಗದೆ ಇರುತ್ತಾ?

“ನಾನು ಕೇಳ್ತಿದ್ದೀನಿ ಕಣೇ!” ಅಮ್ಮ ಸ್ಪೀಕರಿಗೆ ಕೂಗಿದಳು.

ಫೋನ್ ಮೇಜಿನ ಆ ತುದಿಯಲ್ಲಿದೆ. ಕೈಗೆಟುಕದು.

ಅಂತ್ಯ ಅ: ಇಸ್ತ್ರಿಯವನು ಓಡಿಬಂದು ಫೋನ್ ಎತ್ತಿ ಕೊಡುತ್ತಾನೆ. (“ಅವನ ಸುದ್ದಿ ಎತ್ತಬೇಡ ಅಂದೆನಲ್ಲ.”)

ಅಂತ್ಯ ಆ: ಕೈ ತೆಗೆದು ಫೋನ್ ಮಾಡುತ್ತಾಳೆ. (“ಕೈ ತೆಗೆದ ಮೇಲೆ ಅವಳು ಏನಂದಳು ಅಂತ ನಂಗೆ ಹೇಗೆ ಗೊತ್ತಾಗುತ್ತೆ?”)

“ಒಂದೇ ವಾಕ್ಯ ಬರೆದು ಫೋನ್ ಹತ್ತಿರ ತಂದುಬಿಡಲಾ?” ಅಂದೆ.

“ಬೇಡ. ಬೈದದ್ದು ನಾನು. ನಾನೇ ಎಳೀತೀನಿ.”

ಬಲಗೈಯಲ್ಲಿ ಬಟ್ಟೆ ಅಳೆಯುವ ಮರದ ಸ್ಕೇಲು ಎತ್ತಿಕೊಂಡಳು. ಎಡಗೈ ಅಲ್ಲಾಡಲಿಲ್ಲ. ಸ್ಕೇಲಿನ ತುದಿ ಫೋನಿನ ಬೆನ್ನಿಗೆ ತಾಗಿತು. ಒಂದಿಷ್ಟು ಜರುಗಿತು. ಇನ್ನೊಂದಿಷ್ಟು. ಕತ್ತರಿಗೆ ತಾಗಿ ಓರೆಯಾಗಿ ಅಂಚಿಗೆ ಬಂತು.

“ಸರಿ ಹಾಗಾದ್ರೆ,” ಅನ್ನುತ್ತಿದ್ದಾಳೆ ಮಗಳು, “ಯಾರೂ ಇಲ್ಲ ಅನ್ಸುತ್ತೆ...”

“ಅವಳ ಬಾಯಿ ಮುಚ್ಚಿಸಬೇಡ ಕಣೋ,” ಅಂದಳು ಅಮ್ಮ, ನನಗೆ. “ಇನ್ನೊಂದೆರಡು ಮಾತು ಆಡಿಸು. ನಾನು ಬರ್ತಿದ್ದೀನಿ.”

ಆಡಿಸುತ್ತಿದ್ದೀನಿ. ನಿಮ್ಮಾಣೆಗೂ ಮುಂದೇನು ನನಗೂ ಗೊತ್ತಿಲ್ಲ. ಹುಡುಗಿ ಗಂಟಲು ಸರಿಮಾಡಿಕೊಂಡು ಹವಾಮಾನದ ಬಗ್ಗೆ ಏನೋ ಹೇಳುತ್ತಿದ್ದಾಳೆ, ಸ್ಕೇಲು ಮತ್ತೆ ಚಾಚಿದೆ, ನಾನೂ ಬರೆಯುವ ಕೈ ಎತ್ತದೆ ಕೂತಿದ್ದೀನಿ.